ಬೀದಿಯಿಂದ ತಂದ ನಾಯಿ ಮೂಲೆ ಬಿಟ್ಟು ಏಳುತ್ತಿಲ್ಲವೇ? ಮೊದಲ ಮೂರು ತಿಂಗಳ ಮಾರ್ಗದರ್ಶಿ

ಹೊಸದಾಗಿ ನಾಯಿ ತಂದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ತಂದು ಎರಡು ದಿನ ಆಯ್ತು, ಊಟ ಮುಟ್ಟುತ್ತಿಲ್ಲ, ಮಂಚದ ಕೆಳಗಿಂದ ಹೊರಗೇ ಬರ್ತಿಲ್ಲ. ಹೆದರಿಕೊಂಡಿದೆಯಾ, ಹುಷಾರಿಲ್ವಾ?" ಕೇಳುವುದರಲ್ಲಿ ನ್ಯಾಯವಿದೆ. ಹೆದರಿದ ನಾಯಿಯೂ ಕಾಯಿಲೆ ಬಿದ್ದ ನಾಯಿಯೂ ಮೇಲ್ನೋಟಕ್ಕೆ ಒಂದೇ ಥರ. ಎರಡೂ ಮೂಲೆ ಹಿಡಿಯುತ್ತವೆ, ತಟ್ಟೆ ಮೂಸಿ ಬಿಡುತ್ತವೆ, ಕರೆದರೆ ಕಿವಿ ಮಡಚುತ್ತವೆ. ಹೆದರಿದ್ದಕ್ಕೆ ಸಮಯ ಕೊಟ್ಟರೆ ಸರಿಹೋಗುತ್ತದೆ. ಕಾಯಿಲೆ ಬಿದ್ದದ್ದಕ್ಕೆ ಸಮಯ ಕೊಡುತ್ತಾ ಕೂತರೆ ಕೈಮೀರಿ ಹೋಗುತ್ತದೆ. ಹಾಗಾಗಿ ಈ ಎರಡನ್ನು ಬೇರೆ ಮಾಡಿ ನೋಡುವುದು ಹೇಗೆ ಎನ್ನುವುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೀದಿಯಿಂದಲೋ ಆಶ್ರಯತಾಣದಿಂದಲೋ ಬಂದ ನಮ್ಮ ನಾಡನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಯಾರೋ ಸಾಕಿ ರಿಂಗ್ ರೋಡಿನಲ್ಲಿ ಬಿಟ್ಟುಹೋದ ಲ್ಯಾಬ್ರಡಾರ್, ಹಸ್ಕಿಗಳಿಗೂ ಬಹುಪಾಲು ಹೊಂದುತ್ತದೆ.

1. ನಾಯಿ ಬರುವ ಮುಂಚೆ

ಪೆಟ್ ಅಂಗಡಿಗೆ ಹೋಗಿ ಹಾಸಿಗೆ, ಆಟಿಕೆ, ಬಿಸ್ಕತ್ತು ಎಂದು ದುಡ್ಡು ಸುರಿಯಬೇಡಿ. ಆ ದುಡ್ಡು ರಕ್ತಪರೀಕ್ಷೆಗೆ ಬೇಕಾಗುತ್ತದೆ. ಮೊದಲ ವಾರಕ್ಕೆ ಬೇಕಾದದ್ದು ಇಷ್ಟೇ: ಜಾರದ ಎರಡು ಬಟ್ಟಲು, ಒಗೆಯಬಹುದಾದ ನಾಲ್ಕೈದು ಹಳೇ ಬೆಡ್‌ಶೀಟ್, ನಾಯಿಗೆಂದೇ ಬೇರೆಯಾಗಿಟ್ಟ ಡಿಜಿಟಲ್ ಥರ್ಮಾಮೀಟರ್, ಉಣ್ಣಿ ಕೀಳಲು ಸಣ್ಣ ಚಿಮಟ, ಕುತ್ತಿಗೆಯ ಬೆಲ್ಟ್, ಜೊತೆಗೆ ಒಂದು ಹಾರ್ನೆಸ್. ಹಾರ್ನೆಸ್ ಎಂದರೆ ಎದೆ ಮತ್ತು ಹೊಟ್ಟೆಯ ಸುತ್ತ ಹಾಕುವ ಪಟ್ಟಿ. ಬೆಲ್ಟ್ ಇದ್ದ ಮೇಲೆ ಇದೇಕೆ ಎನ್ನುವುದಕ್ಕೆ ಉತ್ತರ ಮುಂದಿನ ಹಂತದಲ್ಲಿದೆ.

ಜಾಗ ಮೊದಲೇ ಗೊತ್ತುಮಾಡಿ. ಜನ ಓಡಾಡದ, ಟಿವಿ ಮತ್ತು ಅಡುಗೆಮನೆಯಿಂದ ದೂರದ ಒಂದು ಮೂಲೆ ಸಾಕು. ಎರಡು ಕಡೆ ಗೋಡೆ ಇದ್ದರೆ ಒಳ್ಳೆಯದು, ನಾಯಿಗೆ ಬೆನ್ನು ಕಾಯುವ ಚಿಂತೆ ಇರುವುದಿಲ್ಲ. ಬಾಲ್ಕನಿ ಬೇಡ, ಗಾಬರಿಯಲ್ಲಿ ಹಾರುತ್ತವೆ. ಕಾರ್ ನಿಲ್ಲಿಸುವ ಜಾಗದಲ್ಲಿ ಕಟ್ಟಿಹಾಕುವುದೂ ಬೇಡ. ಮಣ್ಣು, ಡಾಂಬರಿನ ಮೇಲೆ ಬೆಳೆದ ನಾಯಿಗೆ ಪಾಲಿಶ್ ಮಾಡಿದ ಟೈಲ್ಸ್ ಮೇಲೆ ಕಾಲು ನಿಲ್ಲುವುದಿಲ್ಲ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ ಒಮ್ಮೆ ಬಿದ್ದರೆ ಆಮೇಲೆ ಆ ಕೋಣೆಯನ್ನೇ ದಾಟುವುದಿಲ್ಲ. ಮೂಲೆಯಿಂದ ಬಾಗಿಲವರೆಗೆ ಗೋಣಿಚೀಲವನ್ನೋ ಕಾಲೊರೆಸುವ ಮ್ಯಾಟನ್ನೋ ಸಾಲಾಗಿ ಹಾಸಿಬಿಡಿ.

ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ. ಅಪಾರ್ಟ್‌ಮೆಂಟಿನ ಸಂಘ ಮಾತ್ರ ಬಹುಮತದಿಂದ ಕೂಡ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶವೂ ಗೊತ್ತಿರಲಿ: ಇಷ್ಟವುಳ್ಳವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದು. "ಒಂದು ವಾರ ನೋಡೋಣ, ಆಗದಿದ್ದರೆ ಅಲ್ಲೇ ಬಿಟ್ಟು ಬರೋಣ" ಎಂದುಕೊಂಡು ತರುವ ಹಾಗಿದ್ದರೆ ತರಲೇಬೇಡಿ.

2. ಕರೆತರುವ ದಿನ

ಕಾರು ಅಥವಾ ಆಟೊ ಸರಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ತರುವ ಸಾಹಸ ಬೇಡ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ದಾರಿಯಲ್ಲಿ ವಾಂತಿಯಾಗುತ್ತದೆ.

ಹೊಸ ನಾಯಿ ತಪ್ಪಿಸಿಕೊಂಡು ಹೋಗುವುದು ಬಹಳ ಸಲ ಮೊದಲ ಕೆಲವು ದಿನಗಳಲ್ಲೇ, ಅದೂ ಹೆಚ್ಚಾಗಿ ವಾಹನದ ಬಾಗಿಲು ತೆಗೆದಾಗ ಅಥವಾ ಗೇಟಿನ ಹತ್ತಿರ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ನಾಡನಾಯಿಯ ತಲೆ ಕಿರಿದು, ಕುತ್ತಿಗೆ ದಪ್ಪ. ಹಿಂದೆ ಜಗ್ಗಿದಾಗ ಬೆಲ್ಟ್ ಕಿವಿ ದಾಟಿ ಕಳಚಿಕೊಂಡು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಬೆಲ್ಟ್, ಹಾರ್ನೆಸ್ ಎರಡನ್ನೂ ಹಾಕಿ ಎರಡಕ್ಕೂ ಹಗ್ಗ ಸಿಕ್ಕಿಸುವುದು ಇದಕ್ಕೇ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಮೊದಲ ದಿನದಿಂದಲೇ ಕುತ್ತಿಗೆಯಲ್ಲಿರಲಿ. ಪರಿಚಯವಿಲ್ಲದ ಏರಿಯಾದಲ್ಲಿ ತಪ್ಪಿಸಿಕೊಂಡ ನಾಯಿಗೆ ವಾಪಸ್ ಬರುವ ದಾರಿ ತಿಳಿಯದು, ಅಲ್ಲಿನ ನಾಯಿಗಳು ಬೇರೆ ಅಟ್ಟಾಡಿಸುತ್ತವೆ.

ಮನೆಗೆ ತಂದ ಕೂಡಲೇ ಸ್ನಾನ ಮಾಡಿಸುವ ಆತುರ ಎಲ್ಲರಿಗೂ ಇರುತ್ತದೆ. ಬೇಡ. ಜ್ವರ ಇರಬಹುದಾದ, ಗಾಬರಿಬಿದ್ದ ನಾಯಿಯನ್ನು ಹಿಡಿದು ಬಾತ್‌ರೂಮಿನಲ್ಲಿ ನೀರು ಹೊಯ್ದರೆ ನಿಮ್ಮ ಬಗ್ಗೆ ಅದು ಮೊದಲು ಕಲಿಯುವ ಪಾಠವೇ ಅದಾಗುತ್ತದೆ. ತೀರಾ ಗಲೀಜಾಗಿದ್ದರೆ ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಸಾಕು. ನೀರಿಗೆ ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರಾವಣ ಬೆರೆಸಬೇಡಿ. ನಾಯಿ ಮೈ ನೆಕ್ಕುತ್ತದೆ, ಅದು ಹೊಟ್ಟೆಗೆ ಹೋಗುತ್ತದೆ. ನೋಡಲು ಬರುತ್ತೇವೆ ಎನ್ನುವ ನೆಂಟರಿಗೆ ಮುಂದಿನ ತಿಂಗಳು ಬನ್ನಿ ಎಂದುಬಿಡಿ.

3. ಮೊದಲ ಮೂರು ದಿನ: ನೀವು ಸುಮ್ಮನಿರಬೇಕು, ಕಣ್ಣು ಮಾತ್ರ ಸುಮ್ಮನಿರಬಾರದು

ನಾಯಿ ಸಾಕುವವರಲ್ಲಿ ಮೂರು-ಮೂರು-ಮೂರು ಎಂಬ ಲೆಕ್ಕ ಬಳಕೆಯಲ್ಲಿದೆ: ಗಾಬರಿ ಇಳಿಯಲು ಮೂರು ದಿನ, ಮನೆಯ ದಿನಚರಿ ಹಿಡಿಯಲು ಮೂರು ವಾರ, ಇದು ನನ್ನ ಮನೆ ಎಂದುಕೊಳ್ಳಲು ಮೂರು ತಿಂಗಳು. ಅಂದಾಜಿನ ಮಾತಷ್ಟೇ. ಹೊಡೆತ ತಿಂದ ನಾಯಿಗೆ ವರ್ಷವೂ ಹಿಡಿಯಬಹುದು.

ಈ ದಿನಗಳಲ್ಲಿ ಹತ್ತಿರ ಹೋಗಿ ಬಗ್ಗಿ ತಲೆ ಸವರಬೇಡಿ. ಮೇಲಿನಿಂದ ಬರುವ ಕೈ ಬೀದಿನಾಯಿಗೆ ಕಲ್ಲೆಸೆಯುವ ಕೈಯಾಗಿಯೇ ಕಾಣುವುದು. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಪೇಪರ್ ಓದಿ, ಫೋನ್ ನೋಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಆಗಾಗ ಬೇಯಿಸಿದ ಕೋಳಿಯ ಸಣ್ಣ ತುಂಡೊಂದನ್ನು ಅದರ ಕಡೆ ಎಸೆಯಿರಿ. ಅದಾಗಿ ಬಂದು ಕೈ ಮೂಸಿದರೆ ಮೂಸಲಿ, ಆಗಲೂ ಹಿಡಿದುಕೊಳ್ಳಬೇಡಿ.

ನಮಗೆ ಕಿವಿಗೇ ಬೀಳದ ಸದ್ದುಗಳು ಅದಕ್ಕೆ ಭಯ ಹುಟ್ಟಿಸುತ್ತವೆ. ಕುಕ್ಕರ್ ಮೊದಲ ಸೀಟಿ ಹೊಡೆದಾಗ ಗಮನಿಸಿ: ಬಾಲ ಹೊಟ್ಟೆಯಡಿ ಸೇರುತ್ತದೆ, ಮೈ ಕಲ್ಲಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಸೀಟಿ ನಿಂತ ಮೇಲೂ ಎಷ್ಟೋ ಹೊತ್ತು ಅಡುಗೆಮನೆಯ ಕಡೆಗೇ ಓರೆಗಣ್ಣು. ತಿರುಗುವ ಫ್ಯಾನ್, ಮಿಕ್ಸಿ, ಪೂಜೆಯ ಗಂಟೆ, ಲಿಫ್ಟಿನ ಬಾಗಿಲು, ಇವೂ ಅಷ್ಟೇ. ಎಲ್ಲ ನಿಲ್ಲಿಸಿ ಎಂದಲ್ಲ. ಸದ್ದಾದಾಗಲೆಲ್ಲ ಒಂದು ತಿನಿಸು ಬಿದ್ದರೆ ಕೆಲವು ವಾರಗಳಲ್ಲಿ ಸೀಟಿ ಹೊಡೆದಾಗ ಅದೇ ನಿಮ್ಮ ಮುಖ ನೋಡುತ್ತದೆ. ತಿನ್ನಲೂ ಆಗದಷ್ಟು ನಡುಗುತ್ತಿದ್ದರೆ ಸದ್ದಿನಿಂದ ದೂರ ಕರೆದೊಯ್ಯಿರಿ.

ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ನೋಡುವುದು: ಇವೆಲ್ಲ "ಸಾಕು, ಹತ್ತಿರ ಬರಬೇಡ" ಎನ್ನುವ ಮಾತು. "ನಮ್ಮದು ಬಹಳ ಸಾಧು, ಏನು ಮಾಡಿದರೂ ಸುಮ್ಮನಿರುತ್ತೆ" ಎಂದು ಮೊದಲ ವಾರದಲ್ಲೇ ಹೇಳುವವರನ್ನು ನಾನು ನಂಬುವುದಿಲ್ಲ. ಅದು ಸಾಧುತನ ಅಲ್ಲ, ಭಯಕ್ಕೆ ಮೈ ಸೆಟೆದಿರುವುದು.

ಈಗ ಮುಖ್ಯ ವಿಷಯ. ಬರೀ ಭಯವಾದರೆ ಮನೆ ನಿಶ್ಶಬ್ದವಾದ ಮೇಲೆ ರಾತ್ರಿ ಎದ್ದು ನೀರು ಕುಡಿದಿರುತ್ತದೆ, ತಟ್ಟೆ ಸ್ವಲ್ಪವಾದರೂ ಖಾಲಿಯಾಗಿರುತ್ತದೆ. ಸದ್ದಾದರೆ ಕಿವಿ ಅತ್ತ ತಿರುಗುತ್ತದೆ. ಕಾಯಿಲೆಯಾದರೆ ಒಬ್ಬರೂ ಇಲ್ಲದಾಗಲೂ ಏಳುವುದಿಲ್ಲ. ಇದರ ಜೊತೆಗೆ ದಿನಕ್ಕೊಮ್ಮೆ, ನಾಯಿ ಬಿಟ್ಟುಕೊಟ್ಟರೆ ಮಾತ್ರ, ಇಷ್ಟು ನೋಡಿ:

ಒಸಡು. ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ. ಒಸಡು ನಮ್ಮದರಂತೆ ತಿಳಿಗೆಂಪಾಗಿರಬೇಕು. ಕೋರೆಹಲ್ಲಿನ ಮೇಲಿನ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಗುರುತು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕಾಗದದಷ್ಟು ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ, ಹಳದಿಯಿದ್ದರೆ ಕಾಮಾಲೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯ ಒಳಭಾಗ ನೋಡಿ.

ಜ್ವರ. ಮೂಗು ಒಣಗಿದ್ದರೆ ಜ್ವರ ಎನ್ನುವುದು ಸುಳ್ಳು ನಂಬಿಕೆ. ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು. 103 ದಾಟಿದರೆ ಜ್ವರ. ಹತ್ತಿರ ಬಿಡದ ನಾಯಿಗೆ ಈ ಕೆಲಸ ನೀವು ಮಾಡಬೇಡಿ, ಕಚ್ಚಿಸಿಕೊಳ್ಳುತ್ತೀರಿ.

ಉಸಿರು. ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು.

ಮೂರು ದಿನ ಕಾಯದೆ ರಾತ್ರಿಯಾದರೂ ಹೊರಡಬೇಕಾದ ಲಕ್ಷಣಗಳೂ ಇವೆ: ಒಸಡು ಬಿಳಿಚುವುದು ಅಥವಾ ಹಳದಿಯಾಗುವುದು, ಮೂಗಿನಿಂದ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ರಕ್ತ ಬೆರೆತ ಭೇದಿ, ಬಿಡದೆ ವಾಂತಿ, ಫಿಟ್ಸ್, ಒಂದು ಇಡೀ ದಿನ ನೀರನ್ನೂ ಮುಟ್ಟದಿರುವುದು. ಮರಿಯಾದರೆ ಒಂದೆರಡು ವಾಂತಿ-ಭೇದಿಗೇ ಹೊರಡಿ. ದುರ್ನಾತದ ರಕ್ತಭೇದಿ ಪಾರ್ವೊ ಇರಬಹುದು. ಪಾರ್ವೊ ಎಂದರೆ ಕರುಳಿನ ಒಳಪದರವನ್ನೇ ಹಾಳುಮಾಡುವ ವೈರಸ್ ರೋಗ, ಮರಿಗಳು ಒಂದೆರಡು ದಿನದಲ್ಲೇ ನೀರಿನಂಶ ಕಳೆದುಕೊಂಡು ಸಾಯುತ್ತವೆ.

4. ಡಾಕ್ಟರ ಹತ್ತಿರ

ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಎರಡು ಮೂರು ದಿನ ಬಿಟ್ಟು ಹೋಗಬಹುದು, ಒಂದು ವಾರ ದಾಟಿಸಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾಯಿಯನ್ನೂ ನೋಡುತ್ತಾರೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ; ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ. ಆ ದಿನದ ಮಲವನ್ನು ಸಣ್ಣ ಡಬ್ಬಿಯಲ್ಲಿ ಒಯ್ಯಿರಿ, ಹುಳದ ಮೊಟ್ಟೆ ಹುಡುಕಲು ಅದು ಬೇಕು.

ಕಿವಿಯ ತುದಿ ಕತ್ತರಿಸಿದ್ದರೆ ಅದು ಗಾಯವಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಯಾವಾಗ ಹಾಕಿದ್ದೆಂದು ಗೊತ್ತಿಲ್ಲದಿದ್ದರೆ ಮತ್ತೆ ಹಾಕಿಸಿ, ತೊಂದರೆಯಿಲ್ಲ.

"ಬರೀ ಸುಸ್ತು, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿ" ಎನ್ನಬೇಡಿ, ರಕ್ತಪರೀಕ್ಷೆ ಮಾಡಿಸಿ. ನಮ್ಮ ಕಡೆ ಬೀದಿಯಿಂದ ಬಂದ ನಾಯಿಗೆ ಮೊದಲು ಅನುಮಾನಿಸಬೇಕಾದದ್ದು ಟಿಕ್ ಫೀವರ್, ಅಂದರೆ ಉಣ್ಣಿ ಜ್ವರ. ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಗಳಿಂದ ಬರುವ ಹಲವು ರೋಗಗಳಿಗೆ ಒಟ್ಟಾಗಿ ಕೊಟ್ಟ ಹೆಸರಿದು. ಮುಖ್ಯವಾದವು ಎರಡು. ಎರ್ಲಿಕಿಯಾ ಬಿಳಿ ರಕ್ತಕಣಗಳಲ್ಲಿ ಸೇರಿಕೊಳ್ಳುವ ಬ್ಯಾಕ್ಟೀರಿಯಾ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಕುಸಿದು ಮೂಗಿನಲ್ಲಿ ರಕ್ತ ಬರುವುದು ಹೆಚ್ಚಾಗಿ ಇದರಿಂದ. ಬಬೇಸಿಯಾ ಕೆಂಪು ರಕ್ತಕಣವನ್ನೇ ಒಡೆಯುವ ಪರಾವಲಂಬಿ. ಒಸಡು ಬಿಳಿಚುವುದು, ಮೂತ್ರ ಕಂದುಬಣ್ಣಕ್ಕೆ ತಿರುಗುವುದು ಇದರಿಂದ. ಎರಡಕ್ಕೂ ಔಷಧಿ ಬೇರೆ, ಎರಡೂ ಒಟ್ಟಿಗೇ ಇರುವುದುಂಟು. ಹಾಗಾಗಿ ರಕ್ತಕಣಗಳ ಎಣಿಕೆಯ ಜೊತೆಗೆ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯನ್ನೂ ಕೇಳಿ. ಸ್ಮಿಯರಿನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ; ಅನುಮಾನ ಉಳಿದರೆ ಡಾಕ್ಟರು ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬರೆಯುತ್ತಾರೆ.

ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಎರಡು ಮೂರು ದಿನಕ್ಕೇ ಜ್ವರ ಇಳಿದು ನಾಯಿ ಊಟಕ್ಕೆ ಬರುತ್ತದೆ, ವಾರದಲ್ಲಿ ಕುಣಿಯುತ್ತದೆ, "ಇನ್ನೇಕೆ ಸುಮ್ಮನೆ ಆ್ಯಂಟಿಬಯೋಟಿಕ್" ಎಂದು ಮಾತ್ರೆ ನಿಲ್ಲಿಸುತ್ತಾರೆ. ಒಳಗೆ ಉಳಿದದ್ದು ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತಿದಾಗ ಮೂಳೆಯೊಳಗಿನ ಮಜ್ಜೆಗೇ ಪೆಟ್ಟು ಬಿದ್ದಿರಬಹುದು. ಪೂರ್ತಿ ಕೊಡಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಮಾಡುತ್ತದೆ. ಮಾತ್ರೆ ಗಂಟಲಲ್ಲಿ ಅಂಟಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಊಟದ ಉಂಡೆಯಲ್ಲಿಟ್ಟು ಕೊಟ್ಟು ಮೇಲೆ ನೀರು ಕುಡಿಸಿ. ಪ್ಲೇಟ್‌ಲೆಟ್ ಏರಿಸಲು ಪರಂಗಿ ಎಲೆಯ ರಸ ಹಿಂಡಿ ಕುಡಿಸುವ ರೂಢಿ ಇದೆ. ಮಾತ್ರೆಯ ಬದಲಿಗೆ ಅದನ್ನು ನೆಚ್ಚಿಕೊಂಡರೆ ರೋಗದ ಮೂಲ ಹಾಗೇ ಉಳಿಯುತ್ತದೆ.

ಹೆಣ್ಣಾಗಲಿ ಗಂಡಾಗಲಿ ಜನನಾಂಗದಿಂದ ತಿಂಗಳಾದರೂ ರಕ್ತ ತೊಟ್ಟಿಕ್ಕುತ್ತಿದ್ದರೆ ಬೆದೆ ಎಂದುಕೊಂಡು ಬಿಡಬೇಡಿ. ಬೀದಿನಾಯಿಗಳಲ್ಲಿ ಕೂಡಿಕೆಯಿಂದ ಹರಡುವ ಟಿವಿಟಿ ಎಂಬ ಗಡ್ಡೆ ಸಾಮಾನ್ಯ. ಹೂಕೋಸಿನ ತುಂಡಿನಂತೆ ಕಾಣುತ್ತದೆ. ಹೆಸರು ಕ್ಯಾನ್ಸರ್ ಆದರೂ ಹೆದರಬೇಕಿಲ್ಲ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹುತೇಕ ಪೂರ್ತಿ ಗುಣವಾಗುತ್ತದೆ.

ಲಸಿಕೆಯನ್ನು ಜ್ವರ ಇದ್ದಾಗ ಹಾಕಿಸಬಾರದು. ಮೊದಲು ಜ್ವರ ಇಳಿಯಲಿ, ಹುಳದ ಮಾತ್ರೆ ಆಗಲಿ. ಹಿನ್ನೆಲೆ ಗೊತ್ತಿಲ್ಲದ ದೊಡ್ಡ ನಾಯಿಗೆ ರೇಬೀಸ್ ಲಸಿಕೆ ಬೇರೆ, ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಮುಂತಾದವು ಸೇರಿದ ಲಸಿಕೆ ಬೇರೆ. ಎರಡನೆಯದನ್ನು ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ಹಾಕುತ್ತಾರೆ. ಇಲಿಜ್ವರ ಇಲಿಯ ಮೂತ್ರ ಬೆರೆತ ಮಳೆನೀರಿನಿಂದ ಬರುವಂಥದ್ದು, ಮನುಷ್ಯರಿಗೂ ಹರಡುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಇದನ್ನು ಮುಗಿಸಿಕೊಳ್ಳಿ.

ಈ ನಡುವೆ ನಾಯಿ ಕಚ್ಚಿದರೆ, ಹಲ್ಲು ತಾಗಿ ಬರೀ ಗೀರು ಬಿದ್ದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ. "ನಮ್ಮ ನಾಯಿಯೇ ಅಲ್ವಾ" ಎನ್ನಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯುವ ದಾರಿ ಇಲ್ಲವೆಂದೇ ಲೆಕ್ಕ. ಗಾಯಕ್ಕೆ ಅರಿಶಿನ, ಕಾರದಪುಡಿ, ಸುಣ್ಣ ಹಚ್ಚುವುದು ಬೇಡವೇ ಬೇಡ.

5. ಊಟ

ಪಕ್ಕೆಲುಬು ಎಣಿಸುವಂತಿರುವ ನಾಯಿಗೆ ತಟ್ಟೆ ತುಂಬ ಅನ್ನ ಸುರಿದರೆ ಪುಣ್ಯ ಬರುತ್ತದೆ ಎಂದು ತೋರುತ್ತದೆ. ಆದರೆ ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಪಿಷ್ಟ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಸೊಂಟದ ಮೂಳೆ, ಬೆನ್ನುಮೂಳೆ ಎದ್ದು ಕಾಣುವಷ್ಟು ಬಡಕಲಾದ ನಾಯಿಗೆ ಡಾಕ್ಟರನ್ನು ಕೇಳಿಯೇ ಊಟ ಶುರುಮಾಡಿ.

ಅಂದಾಜಿಗೆ ಹೇಳುವುದಾದರೆ, 10 ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 400 ಕ್ಯಾಲೊರಿ ಬೇಕು. ತೀರಾ ಸೊರಗಿದ್ದರೆ ಮೊದಲ ದಿನ ಅದರ ಕಾಲುಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಎಂದರೆ ಒಂದು ಬೇಯಿಸಿದ ಮೊಟ್ಟೆ, ಎರಡು ಮೂರು ಸಣ್ಣ ತುಂಡು ಕೋಳಿ, ಅಷ್ಟೇ. ಅದನ್ನೇ ನಾಲ್ಕರಿಂದ ಆರು ಸಲಕ್ಕೆ ಹಂಚಿ. ನಾಲ್ಕೈದು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ, ಆಮೇಲೆ ನಿಧಾನಕ್ಕೆ ಏರಿಸಿ. ನೋಡಲು ಸಂಕಟವಾಗುತ್ತದೆ, ನಾಯಿ ಇನ್ನೂ ಬೇಕು ಎಂದು ತಟ್ಟೆ ಉರುಳಿಸುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಸಾಧಾರಣ ತೆಳ್ಳಗಿರುವ ನಾಯಿಗೆ ಇಷ್ಟು ಕಟ್ಟುನಿಟ್ಟು ಬೇಡ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮೆತ್ತಗಿನ ಅನ್ನ, ಒಂದು ಚಮಚ ಬೇಯಿಸಿದ ಸಿಹಿಗುಂಬಳ, ಸ್ವಲ್ಪ ಮೊಸರು. ದಿನಕ್ಕೆ ಮೂರು ಸಲ. ಸಸ್ಯಾಹಾರಿ ಮನೆಯವರು ಕೊನೆಗೆ ಮೊಟ್ಟೆಗಾದರೂ ಒಪ್ಪಿಕೊಳ್ಳುವುದು ಒಳ್ಳೆಯದು. ಹಾಲನ್ನ, ಮೊಸರನ್ನ, ರಾಗಿ ಅಂಬಲಿ ಹೊಟ್ಟೆ ತುಂಬಿಸುತ್ತವೆ. ಕರಗಿಹೋದ ಮಾಂಸಖಂಡ ಕಟ್ಟಲು ಬೇಕಾದಷ್ಟು ಪ್ರೋಟೀನ್ ಅವುಗಳಲ್ಲಿಲ್ಲ. ದೊಡ್ಡ ನಾಯಿಗಳಿಗೆ ಹಾಲು ಭೇದಿಯನ್ನೂ ಹಿಡಿಸುತ್ತದೆ. ಮನೆಯಡುಗೆಯೊಂದನ್ನೇ ಬಹುಕಾಲ ಹಾಕುವುದಾದರೆ ಕ್ಯಾಲ್ಸಿಯಂ ಇತ್ಯಾದಿ ಲೆಕ್ಕಕ್ಕೆ ಡಾಕ್ಟರ ಸಲಹೆ ಬೇಕು. ತಯಾರಿ ಆಹಾರಕ್ಕೆ ಬದಲಾಯಿಸುವುದಾದರೆ ಒಂದು ವಾರ ಹಿಡಿದು ಸ್ವಲ್ಪಸ್ವಲ್ಪವಾಗಿ ಬೆರೆಸಿ.

ನಮ್ಮ ಮನೆಗಳಲ್ಲಿ ನಾಯಿಗೆ ಕೆಡುಕಾಗುವುದು ಎಲ್ಲಿಂದ ಬರುತ್ತದೆ ನೋಡಿ: ಉಳಿದ ಸಾರು, ಪಲ್ಯದ ಈರುಳ್ಳಿ-ಬೆಳ್ಳುಳ್ಳಿ (ಕೆಂಪು ರಕ್ತಕಣ ಒಡೆಯುತ್ತವೆ, ಮೊದಲೇ ರಕ್ತ ಕಡಿಮೆ ಇರುವ ನಾಯಿಗೆ ಎರಡು ಪಟ್ಟು ಕೆಟ್ಟದ್ದು), ಪಾಯಸದ ದ್ರಾಕ್ಷಿ (ಮೂತ್ರಪಿಂಡಕ್ಕೆ ಹೊಡೆತ), ಚಾಕೊಲೇಟ್, ಊಟದಲ್ಲಿ ಉಳಿದ ಬೆಂದ ಮೂಳೆ (ಸೀಳಿ ಕರುಳಿಗೆ ಚುಚ್ಚುತ್ತದೆ). ಜ್ವರಕ್ಕೆಂದು ನೀವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಲಿವರ್ ಟಾನಿಕ್ಕಿನ ಮೇಲೆ ನಮ್ಮವರಿಗೆ ಇರುವ ನಂಬಿಕೆ ನನಗಿಲ್ಲ. ಡಾಕ್ಟರು ಬರೆದರೆ ಸರಿ, ಅಂಗಡಿಯವನು ಕೊಟ್ಟರೆ ಬೇಡ.

ತೂಕ ವಾರಕ್ಕೊಮ್ಮೆ ನೋಡಿ. ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರೆ ಆಯಿತು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವ ಹಂತಕ್ಕೆ ಬಂದರೆ ನಿಲ್ಲಿಸಿ. ಅಲ್ಲಿಂದ ಮುಂದೆ ಡುಮ್ಮ ಮಾಡುವುದು ಬೇರೆ ಕಾಯಿಲೆಗೆ ದಾರಿ.

6. ಉಣ್ಣಿ, ಕಜ್ಜಿ, ಹುಳ

ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬೆಲ್ಟಿನ ಕೆಳಗೆ, ಬಾಲದ ಬುಡ: ಉಣ್ಣಿ ಇರುವುದು ಇಲ್ಲೆಲ್ಲ. ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಸೋಪಿನ ನೀರಿಗೆ ಹಾಕಿ. ಬೆರಳಿಂದ ಹಿಸುಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಸೀಮೆಎಣ್ಣೆ, ಗ್ಯಾರೇಜಿನ ಕರಿ ಆಯಿಲ್ ಸುರಿದು ಚರ್ಮ ಸುಟ್ಟ ನಾಯಿಗಳನ್ನು ಡಾಕ್ಟರುಗಳು ಈಗಲೂ ನೋಡುತ್ತಾರೆ. ದನಗಳಿಗೆ ಹಾಕುವ ಉಣ್ಣಿ ಔಷಧಿಯನ್ನು ಅಂದಾಜಿಗೆ ನೀರಿಗೆ ಬೆರೆಸಿ ಸವರುವುದು ಹಳ್ಳಿಗಳಲ್ಲಿ ನಡೆದೇ ಇದೆ. ನಾಯಿ ನೆಕ್ಕಿಕೊಂಡರೆ ಅದು ವಿಷ.

ಕಂದು ನಾಯಿಉಣ್ಣಿ ಮನೆಯೊಳಗೇ ಪೂರ್ತಿ ಜೀವನಚಕ್ರ ಮುಗಿಸಬಲ್ಲದು. ಒಂದು ಹೆಣ್ಣು ಸಾವಿರಾರು ಮೊಟ್ಟೆಯಿಡುತ್ತದೆ, ಅದೂ ಗೋಡೆಯ ಬಿರುಕು, ಮಂಚದ ಸಂದಿಯಲ್ಲಿ. ನಾಯಿಯ ಮೈ ಮೇಲಿನದನ್ನು ಕಿತ್ತು ಮುಗಿಸುತ್ತೇನೆ ಎನ್ನುವುದು ಆಗದ ಕೆಲಸ. ಡಾಕ್ಟರು ಬರೆಯುವ ಅಗಿಯುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿ ತಪ್ಪದೆ ತಿಂಗಳು ತಿಂಗಳೂ ನಡೆಯಬೇಕು, ಹಾಸಿದ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಿಗೆ ಹೋಗಬೇಕು. ಫಿಟ್ಸ್ ಬಂದದ್ದಿದ್ದರೆ ಮಾತ್ರೆಗೆ ಮುಂಚೆ ಡಾಕ್ಟರಿಗೆ ಹೇಳಿ. ಹನಿ ಹಾಕಿದ ಹಿಂದೆಮುಂದೆ ಎರಡು ದಿನ ಸ್ನಾನ ಬೇಡ.

ಕೂದಲುದುರಿ ಚರ್ಮ ದಪ್ಪಗಟ್ಟಿದ್ದರೆ ಎರಡು ಥರದ ನುಸಿಯಲ್ಲಿ ಯಾವುದೆಂದು ಚರ್ಮ ಕೆರೆದು ನೋಡಿಯೇ ಹೇಳಬೇಕು. ಒಂದು ವಿಪರೀತ ತುರಿಕೆಯದು, ನಿಮ್ಮ ಮುಂಗೈ, ಹೊಟ್ಟೆಗೂ ಕೆಂಪು ಗುಳ್ಳೆ ತರುತ್ತದೆ. ಇನ್ನೊಂದು ಅಂಟುವುದಿಲ್ಲ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಹೆಚ್ಚುವುದು. ಯಾರೋ ಹೇಳಿದರೆಂದು ನುಸಿ, ಹುಳ ಕೊಲ್ಲುವ ಐವರ್‌ಮೆಕ್ಟಿನ್ ಔಷಧಿ ಚುಚ್ಚಿಸಬೇಡಿ, ಕಾಲೀ (Collie) ಎಂಬ ಕುರಿಕಾಯುವ ಜಾತಿಯ ನಾಯಿಗಳಿಗೂ ಅವುಗಳ ಬೆರಕೆಗೂ ಅದು ಪ್ರಾಣಾಪಾಯ. ಕೂದಲು ಮತ್ತೆ ಬರಲು ತಿಂಗಳುಗಳೇ ಬೇಕು.

ಹುಳದ ಮಾತ್ರೆಯನ್ನು ಒಮ್ಮೆ ಕೊಟ್ಟು ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಮರಿಗಳಿಗೆ ಇನ್ನೂ ಬೇಗಬೇಗ. ಮಲದಲ್ಲಿ ಅನ್ನದ ಅಗುಳಿನಂಥದ್ದು ಕಂಡರೆ ಲಾಡಿಹುಳು, ಅದು ಚಿಗಟದಿಂದ ಹರಡುತ್ತದೆ. ಚಿಗಟ ಹೋಗದೆ ಹುಳ ಹೋಗದು.

7. ಹೊರಗೆ ಹೋಗುವುದು

ಮೊದಲ ದಿನ ಎಷ್ಟೋ ಹೊತ್ತು ಮೂತ್ರವನ್ನೂ ತಡೆಹಿಡಿದು ಕೂರುವ ನಾಯಿಗಳಿವೆ. ಮಣ್ಣು, ಹುಲ್ಲು ಕಂಡರಷ್ಟೇ ಅವಕ್ಕೆ ಬರುತ್ತದೆ. ದಿನವೂ ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಎದ್ದ ಕೂಡಲೇ ಮತ್ತು ಊಟವಾದ ಮೇಲೆ ಕರೆದೊಯ್ಯಿರಿ. ಹೊರಗೆ ಮಾಡಿದರೆ ಅಲ್ಲೇ ತಿನಿಸು. ಒಳಗೆ ಮಾಡಿದರೆ ಮೂತಿ ಹಿಡಿದು ಉಜ್ಜುವ ಹಳೇ ಪದ್ಧತಿ ಬೇಡ; ನಿಮ್ಮೆದುರು ಮಾಡಬಾರದು ಎಂದಷ್ಟೇ ಕಲಿತು ಸೋಫಾ ಹಿಂದೆ ಮಾಡುತ್ತದೆ. ನೆಲಕ್ಕೆ ಫಿನೈಲ್ ಹಾಕಿ ಹಾಗೇ ಬಿಡಬೇಡಿ, ಪಾದಕ್ಕೆ ಅಂಟಿದ್ದನ್ನು ನೆಕ್ಕುತ್ತದೆ. ವಿನೆಗರ್ ಬೆರೆಸಿದ ನೀರು ಸಾಕು.

ಲಿಫ್ಟ್ ಹತ್ತದಿದ್ದರೆ ಮೆಟ್ಟಿಲು. ವಾಕಿಂಗ್ ಚಿಕ್ಕದಿರಲಿ; ಮೂಸುತ್ತಾ ನಿಂತರೆ ನಿಲ್ಲಲಿ. ಟಿಕ್ ಫೀವರಿನಿಂದ ಚೇತರಿಸಿಕೊಳ್ಳುತ್ತಿರುವ ನಾಯಿಯನ್ನು ಬಿಸಿಲಿನಲ್ಲಿ ಓಡಿಸಬೇಡಿ. ಹಗ್ಗ ಬಿಚ್ಚಿ ಬಿಡುವ ಮಾತನ್ನು ಮೂರು ತಿಂಗಳು ಮರೆತುಬಿಡಿ.

8. ಮಕ್ಕಳು, ಮನೆಯಲ್ಲಿರುವ ಇನ್ನೊಂದು ನಾಯಿ

ಊಟ ಮಾಡುವಾಗ, ಮಲಗಿದಾಗ ನಾಯಿಯನ್ನು ಮುಟ್ಟಬಾರದು, ತಬ್ಬಿಕೊಳ್ಳಬಾರದು. ಮಕ್ಕಳಿಗೆ ಇಷ್ಟು ನಿಯಮ ಸಾಕು, ಆದರೆ ಒಂದಕ್ಕೂ ವಿನಾಯಿತಿ ಬೇಡ. ಗುರ್ ಎಂದರೆ ಗದರಬೇಡಿ. ಕಚ್ಚುವ ಮುಂಚೆ ಅದು ಕೊಡುವ ಸ್ಪಷ್ಟ ಎಚ್ಚರಿಕೆ ಅದು. ಗದರಿ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ. ಯಾಕೆ ಗುರ್ ಎಂದಿತು ಎಂದು ಹುಡುಕಿ. ಹೊಸದಾಗಿ ಶುರುವಾಗಿದ್ದರೆ ಎಲ್ಲೋ ನೋವಿರಬಹುದು.

ಹಳೆಯ ನಾಯಿ ಇದ್ದರೆ ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ, ಬಟ್ಟಲು, ಬಟ್ಟೆ ಬೇರೆ. ಪಾರ್ವೊ ಸಾಮಾನ್ಯವಾಗಿ ಒಂದು ವಾರದಲ್ಲಿ ತೋರಿಕೊಳ್ಳುತ್ತದೆ, ಡಿಸ್ಟೆಂಪರ್ ಇನ್ನೂ ತಡ. ಡಿಸ್ಟೆಂಪರ್ ಎಂದರೆ ಕಣ್ಣು, ಮೂಗು ಸೋರುವುದರಿಂದ ಶುರುವಾಗಿ ಕೊನೆಗೆ ಮೆದುಳಿಗೆ ಹೋಗುವ ವೈರಸ್ ರೋಗ. ಎರಡು ನಾಯಿಗಳ ಮೊದಲ ಭೇಟಿ ಮನೆಯಿಂದ ಹೊರಗೆ, ಇಬ್ಬರು ಹಿಡಿದುಕೊಂಡು, ನಡುವೆ ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಸುತ್ತಾ ಆಗಲಿ.

9. ಎರಡನೇ ತಿಂಗಳಿಂದ

ರಕ್ತದ ಎಣಿಕೆ ಸರಿಯಾಗಿ, ಮೈ ತುಂಬಿಕೊಂಡ ಮೇಲೆ ಸಂತಾನಹರಣ ಮಾಡಿಸಿ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಶಸ್ತ್ರಚಿಕಿತ್ಸೆಗೆ ಅವಸರಪಟ್ಟರೆ ರಕ್ತ ನಿಲ್ಲುವುದಿಲ್ಲ, ಹಾಗಾಗಿ ಮುಂಚೆ ರಕ್ತಪರೀಕ್ಷೆ ಮತ್ತೊಮ್ಮೆ ಆಗಲಿ.

ಒಂಟಿಯಾಗಿ ಬಿಟ್ಟುಹೋಗುವ ಅಭ್ಯಾಸವನ್ನು ರಜೆ ಮುಗಿಯುವ ಮುಂಚೆ ಶುರುಮಾಡಿ. ಬಾಗಿಲು ದಾಟಿ ಒಂದು ನಿಮಿಷಕ್ಕೆ ವಾಪಸ್, ಆಮೇಲೆ ಐದು,­ ಆಮೇಲೆ ಹಾಲು ತಂದು ಬರುವಷ್ಟು ಹೊತ್ತು. ಹೊರಡುವಾಗ ಮುದ್ದು ಮಾಡಿ ವಿದಾಯ ಹೇಳುವುದು ಬೇಡ. ಬಾಗಿಲು ಕೆರೆದು ಉಗುರು ಮುರಿದುಕೊಳ್ಳುವಷ್ಟು, ಜೊಲ್ಲು ಸುರಿಸುವಷ್ಟು ಗಾಬರಿಪಡುತ್ತಿದ್ದರೆ ಅದು ಹಟ ಅಲ್ಲ. ತರಬೇತುದಾರರನ್ನು ಕರೆಸುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ. ಹೊಡೆದು ಕಲಿಸುವ, ಚುಚ್ಚುವ ಚೈನ್ ಹಾಕುವ ತರಬೇತುದಾರರನ್ನು ಬಾಗಿಲಿಂದಲೇ ಕಳಿಸಿ.

ಗಣೇಶನ ಹಬ್ಬದಿಂದ ದೀಪಾವಳಿವರೆಗೆ ಪಟಾಕಿಯ ಕಾಲ. ಆ ದಿನಗಳಲ್ಲಿ ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಅಡಗಲು ಅದರ ಮೂಲೆಯನ್ನು ಬಿಟ್ಟುಕೊಡಿ, ಬಿಲ್ಲೆ ಕುತ್ತಿಗೆಯಲ್ಲಿದೆಯೇ ನೋಡಿ. ಕಳೆದ ಸಲ ತೀರಾ ನಡುಗಿದ್ದರೆ ಡಾಕ್ಟರು ಭಯಕ್ಕೆಂದೇ ಮಾತ್ರೆ ಬರೆಯುತ್ತಾರೆ. ಅದನ್ನು ಹಬ್ಬಕ್ಕೆ ಎರಡು ವಾರ ಮುಂಚೆಯೇ ಒಂದು ಸಲ ಕೊಟ್ಟು ಮೈಗೆ ಹಿಡಿಸುತ್ತದೆಯೇ ನೋಡಿಕೊಳ್ಳಬೇಕು. ನರಕ ಚತುರ್ದಶಿಯ ಹಿಂದಿನ ಸಂಜೆ ಫೋನ್ ಮಾಡಿದರೆ ಕ್ಲಿನಿಕ್ಕಿನಲ್ಲಿ ಯಾರೂ ಎತ್ತುವುದಿಲ್ಲ.